ಮೊದಲ ಆರು ವಾರಗಳ ಲೆಕ್ಕ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು ರಾಯಾಪುರ ದಾಟಿತೆಂದರೆ ಸತ್ತೂರ. ಎರಡು ಊರುಗಳ ನಡುವೆ ತನ್ನ ಪಾಡಿಗೆ ತಾನಿದ್ದ ಈ ಹಳ್ಳಿಯ ಹೆಸರು ಹೊರಗಿನವರ ಬಾಯಿಗೆ ಬಂದದ್ದು 1986ರಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಶುರುವಾದ ಮೇಲೆ. 2003ರಲ್ಲಿ ವೈದ್ಯಕೀಯ ಕಾಲೇಜು ಬಂತು. 2018ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯವೇ ಇಲ್ಲಿ ತಲೆಯೆತ್ತಿತು. ಸತ್ತೂರ ಕಾಲೊನಿಯ ಬದಿಗೆ ಇಟ್ಟಿಗಟ್ಟಿ ರಸ್ತೆ ಹಿಡಿದರೆ ಐಐಐಟಿ. 2015ರಲ್ಲಿ ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿ ಆರಂಭವಾದ ಆ ಸಂಸ್ಥೆಯ ಸ್ವಂತ ಕ್ಯಾಂಪಸ್ಸನ್ನು 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಅವಳಿನಗರದ 22 ಕಿಲೊಮೀಟರ್ ದಾರಿಯ ಆಚೀಚೆ ಎಣಿಸುತ್ತ ಹೋದರೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ನವನಗರದ ಕಾನೂನು ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯ, ಇನ್ನೂ ಮುಂದೆ ಹೋದರೆ ಐಐಟಿ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟು ವಿಶ್ವವಿದ್ಯಾಲಯಗಳು ಒಂದೇ ರಸ್ತೆಗೆ ಹತ್ತಿಕೊಂಡಿರುವ ಜಾಗ ಸಿಗುವುದು ಕಷ್ಟ.

ಪ್ರವೇಶದ ಕಾಲದಲ್ಲಿ ಈ ರಸ್ತೆಯ ನಿಲ್ದಾಣಗಳಲ್ಲಿ ಅಪ್ಪ, ಅವ್ವ, ಗಾದಿ, ಬಕೆಟ್ಟು, ಟ್ರಂಕು ಸಮೇತ ಇಳಿಯುವ ಕುಟುಂಬಗಳನ್ನು ಎಲ್ಲರೂ ನೋಡಿದ್ದೇವೆ. ಯಾರಿಗೆ ಯಾವ ರ್ಯಾಂಕು, ಯಾವ ಕೋಟಾ, ಎಷ್ಟಕ್ಕೆ ಕಟಾಫ್ ನಿಂತಿತು ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಹಾಗೆ ಬಂದಿಳಿದ ಹುಡುಗ ಕಾಲೇಜು ಬಿಟ್ಟುಹೋಗುವುದನ್ನು ಮಾತ್ರ ಯಾರೂ ನೋಡುವುದಿಲ್ಲ. ಅವನು ಅರ್ಜಿ ಬರೆದು, ಟಿಸಿ ಕೇಳಿ, ಗಲಾಟೆ ಮಾಡಿ ಹೋಗುವವನಲ್ಲ. ಮೊದಲ ದೊಡ್ಡ ಹಬ್ಬಕ್ಕೆ ಊರಿಗೆ ಹೋಗುತ್ತಾನೆ, ಜ್ವರ ಎಂದು ಒಂದು ವಾರ ಉಳಿಯುತ್ತಾನೆ, ಇಂಟರ್ನಲ್ ತಪ್ಪಿಹೋಗುತ್ತದೆ, ಆಮೇಲೆ ಬರಲು ಮುಖವಿಲ್ಲ. ಪರೀಕ್ಷೆಯ ಅರ್ಜಿ ತುಂಬದವರ ಪಟ್ಟಿ ಮಾಡುವಾಗ ಕಾಲೇಜಿಗೆ ಅವನ ನೆನಪಾಗುತ್ತದೆ. ಅಷ್ಟೊತ್ತಿಗೆ ಅವನು ಬಿಟ್ಟು ಎರಡು ಮೂರು ತಿಂಗಳಾಗಿರುತ್ತದೆ. ಮೊದಲ ವರ್ಷದ ಸೋಲು ಕಾಗದದ ಮೇಲೆ ಕಾಣುವುದು ಫಲಿತಾಂಶದ ದಿನ. ಅದು ನಡೆದುಹೋಗಿರುವುದು ಮೊದಲ ಆರು ವಾರಗಳಲ್ಲಿ. ಅವನು ತರಗತಿಗೆ ಬರುತ್ತಿಲ್ಲವೆಂದು ಪಕ್ಕದ ಬೆಂಚಿನವನಿಗೆ ಗೊತ್ತಿತ್ತು, ಖಾನಾವಳಿಯವರಿಗೆ ಗೊತ್ತಿತ್ತು, ಹಾಸ್ಟೆಲ್ ವಾರ್ಡನ್‌ಗೆ ಅನುಮಾನವಿತ್ತು. ಕೇಳಬೇಕಾದವರು ಇವರನ್ನು ಕೇಳಲಿಲ್ಲ, ಅಷ್ಟೆ.

ಸರ್ಕಾರದ ಅಂಕಿಗಳೂ ಬಾಗಿಲಲ್ಲಿ ಒಳಗೆ ಬಂದವರನ್ನೇ ಎಣಿಸುತ್ತವೆ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯ ಪ್ರಕಾರ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ದೇಶದಲ್ಲಿ ಶೇ 28.4, ಕರ್ನಾಟಕದಲ್ಲಿ ಶೇ 36.2. ಕಾಲೇಜಿಗೆ ಹೋಗುವ ವಯಸ್ಸಿನ ಪ್ರತಿ ಲಕ್ಷ ಜನರಿಗೆ ನಮ್ಮಲ್ಲಿ 66 ಕಾಲೇಜು. ದೇಶದಲ್ಲೇ ಮೊದಲ ಸ್ಥಾನ. ಹೆಮ್ಮೆ ಪಡೋಣ. ಆದರೆ ಮೊದಲ ವರ್ಷಕ್ಕೆ ಸೇರಿದ ನೂರರಲ್ಲಿ ಎಷ್ಟು ಜನ ಎರಡನೇ ವರ್ಷದ ಬೆಂಚಿಗೆ ಬಂದರು ಎಂಬ ಸರಳ ಪ್ರಶ್ನೆಗೆ ಆ ದಪ್ಪ ವರದಿಯಲ್ಲಿ ಉತ್ತರವಿಲ್ಲ. ಯಾರಾದರೂ ಸಂಸತ್ತಿನಲ್ಲಿ ಕೇಳಿದಾಗ ಒಂದು ತುಣುಕು ಹೊರಬೀಳುತ್ತದೆ. 2023ರ ಡಿಸೆಂಬರಿನಲ್ಲಿ ಲೋಕಸಭೆಗೆ ಸಿಕ್ಕ ಉತ್ತರದಂತೆ, ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ಬಿಟ್ಟ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು 13,600ಕ್ಕೂ ಹೆಚ್ಚು.

ಬಿಟ್ಟವರೆಲ್ಲ ಸೋತವರಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಧಾರವಾಡದಲ್ಲಿ ಬಿಎಸ್ಸಿಗೆ ಸೇರಿದ ಹುಡುಗಿಗೆ ಸಿಇಟಿ ಸೀಟು ಹಂಚುವ ಕೆಇಎಯ ಕೊನೆಯ ಸುತ್ತಿನಲ್ಲಿ ಕೃಷಿಯದೋ ನರ್ಸಿಂಗಿನದೋ ಸೀಟು ಸಿಕ್ಕರೆ ಅವಳು ಖುಷಿಯಿಂದಲೇ ಹೋಗುತ್ತಾಳೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೂ ಕೆಂಪು ಗೆರೆ, ಹಬ್ಬಕ್ಕೆ ಹೋಗಿ ವಾಪಸು ಬಾರದವನ ಹೆಸರಿನ ಮೇಲೂ ಅದೇ ಕೆಂಪು ಗೆರೆ. ಎರಡನ್ನೂ ಬೇರೆ ಮಾಡಿ ಬರೆದಿಡದ ಕಾಲೇಜಿಗೆ ತನ್ನ ಕಾಯಿಲೆ ಯಾವುದೆಂದೇ ಗೊತ್ತಿರುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಮಾತ್ರ ಕಾಯಿಲೆಯ ಹೆಸರು ಎಂದೋ ತೀರ್ಮಾನವಾಗಿದೆ. ‘ಬೇಸಿಕ್ಸೇ ಇಲ್ರೀ’, ‘ಓದೂ ಮನಸ್ಸಿಲ್ಲ’, ‘ಕೈಯಾಗ ಮೊಬೈಲ್ ಐತಿ, ಮುಗೀತು’, ‘ಮನ್ಯಾಗ ಹೇಳೋರಿಲ್ಲ’. ಹೆಚ್ಚುಕಡಿಮೆ ಇವೇ ಮಾತುಗಳನ್ನು ಅಮೆರಿಕದ ಬರ್ಕಲಿಯಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತದ ಸಂಶೋಧಕ ಕೇಳಿಸಿಕೊಂಡಿದ್ದ. ಅಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಗುಂಪುಗುಂಪಾಗಿ ಫೇಲಾಗುತ್ತಿದ್ದರು. ಏಕೆ ಎಂದು ಅಧ್ಯಾಪಕರನ್ನು ಕೇಳಿದರೆ ಆಸಕ್ತಿಯಿಲ್ಲ, ತಳಪಾಯವಿಲ್ಲ, ಮನೆಯ ಬೆಂಬಲವಿಲ್ಲ, ಬಡತನ ಎಂಬ ಉತ್ತರ. ಟ್ರೈಸ್ಮನ್ ಊಹೆಯನ್ನು ಪಕ್ಕಕ್ಕಿಟ್ಟು, ಇಪ್ಪತ್ತು ಕಪ್ಪು ವಿದ್ಯಾರ್ಥಿಗಳು ಮತ್ತು ಚೆನ್ನಾಗಿ ಪಾಸಾಗುತ್ತಿದ್ದ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳ ಹಿಂದೆ ಬಿದ್ದ. ಅವರ ಕೋಣೆಗೆ, ಗ್ರಂಥಾಲಯಕ್ಕೆ, ಮನೆಗೂ ಹೋದ. ನಾಲ್ಕೂ ಊಹೆ ಸುಳ್ಳಾದವು. ಕಪ್ಪು ಹುಡುಗರು ಕಷ್ಟಪಟ್ಟೇ ಓದುತ್ತಿದ್ದರು. ಆದರೆ ಒಂಟಿಯಾಗಿ, ಬಾಗಿಲು ಹಾಕಿಕೊಂಡು. ತಪ್ಪು ಎಲ್ಲಾಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಚೀನೀ ಹುಡುಗರು ಸಂಜೆ ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಮೇಷ್ಟ್ರು ಹೇಗೆ ಅಂಕ ಕೊಡುತ್ತಾರೆ, ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಏನಿತ್ತು ಎಂಬುದೂ ಅಲ್ಲಿಯೇ ಹರಿದಾಡುತ್ತಿತ್ತು. ಟ್ರೈಸ್ಮನ್ ಮುಂದೆ ಮಾಡಿದ ಕೆಲಸದಲ್ಲಿ ನಮ್ಮವರು ಗಮನಿಸಬೇಕಾದ ಅಂಶ ಒಂದಿದೆ. ಅವನು ‘ದಡ್ಡರಿಗೆ ವಿಶೇಷ ತರಗತಿ’ ನಡೆಸಲಿಲ್ಲ. ಗುಂಪಾಗಿ ಕೂರಿಸಿ ಮಾಮೂಲಿಗಿಂತ ಕಠಿಣವಾದ ಲೆಕ್ಕಗಳನ್ನೇ ಕೊಟ್ಟ, ಇದು ಗೌರವದ ತರಗತಿ ಎಂದು ಕರೆದ. ಫೇಲಾಗುವುದು ಗಣನೀಯವಾಗಿ ಇಳಿಯಿತು. ನಮ್ಮ ಕಾಲೇಜುಗಳ ‘ರೆಮಿಡಿಯಲ್ ಕ್ಲಾಸ್’ ಖಾಲಿ ಹೊಡೆಯುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಆ ಕೋಣೆಯೊಳಗೆ ಕಾಲಿಟ್ಟರೆ ಫೇಲಾದವನೆಂದು ಜಾಹೀರು ಮಾಡಿದಂತೆ. ಯಾವ ಹುಡುಗ ಹೋದಾನು?

ಧಾರವಾಡದ ಕತೆಗೆ ಇನ್ನೊಂದು ಎಳೆಯಿದೆ, ಅದು ಪಿಯುಸಿಯಿಂದ ಬಂದದ್ದು. ಇಂದು ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಬರುವ ಅನೇಕ ಮಕ್ಕಳು ಎರಡು ವರ್ಷ ‘ಇಂಟಿಗ್ರೇಟೆಡ್’ ವಸತಿ ಕಾಲೇಜುಗಳಲ್ಲಿ ಬೆಂದವರು. ನಸುಕಿಗೆ ಏಳಿಸಿ ಓದಿಸುವ ಗಂಟೆ, ರಾತ್ರಿ ಮಲಗಿಸುವ ಗಂಟೆ, ಬೀರುವಿನಲ್ಲಿ ಬೀಗ ಹಾಕಿದ ಫೋನು, ವಾರವಾರ ಟೆಸ್ಟು, ಟೆಸ್ಟಿನ ರ್ಯಾಂಕು ಅಪ್ಪನ ವಾಟ್ಸಾಪಿಗೆ. ಯಾವುದನ್ನು ಎಷ್ಟು ಹೊತ್ತು ಓದಬೇಕೆಂದು ತಾನೇ ಗೊತ್ತುಮಾಡಿಕೊಳ್ಳುವ ಪ್ರಸಂಗ ಅವನಿಗೆ ಬಂದೇ ಇಲ್ಲ. ಮೇಲಾಗಿ ಕಲಿತದ್ದೆಲ್ಲ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ವಿದ್ಯೆ. ಅಲ್ಲಿಂದ ಸತ್ತೂರದ ಪೀಜಿಗೆ ಬಂದವನಿಗೆ ಒಮ್ಮೆಗೇ ಎರಡು ಹೊಸತು. ದಿನವೆಲ್ಲ ತನ್ನ ಕೈಯಲ್ಲಿದೆ, ಯಾರೂ ಎಬ್ಬಿಸುವುದಿಲ್ಲ. ಪರೀಕ್ಷೆಯಲ್ಲಿ ಗುರುತು ಹಾಕಿದರೆ ಆಗದು, ಪುಟಗಟ್ಟಲೆ ಬರೆಯಬೇಕು, ಸೂತ್ರವನ್ನು ಮೊದಲಿನಿಂದ ಸಾಧಿಸಿ ತೋರಿಸಬೇಕು. ಎಂಬಿಬಿಎಸ್ ಮೊದಲ ವರ್ಷದವನ ಮೇಜಿನ ಮೇಲೆ ಚೌರಾಸಿಯಾ ಅನಾಟಮಿಯ ಸಂಪುಟಗಳು ಬಂದು ಕೂತಾಗ ನೀಟ್‌ನಲ್ಲಿ ಆರುನೂರು ತೆಗೆದವನೂ ಬೆವರುತ್ತಾನೆ. ಕೋಚಿಂಗಿನಲ್ಲಿ ಮುಂದಿದ್ದವನೇ ಕಾಲೇಜಿನಲ್ಲಿ ಎಡವುವುದನ್ನು ಕಂಡು ಮೇಷ್ಟ್ರು ಬೆರಗಾಗುತ್ತಾರೆ. ಬೆರಗಾಗುವುದೇನಿಲ್ಲ. ಉತ್ತರ ಬರೆಯುವುದು ಹೇಗೆಂದು ಮೊದಲ ತಿಂಗಳು ಕಲಿಸಬೇಕು. ಮೂರನೇ ವಾರದಲ್ಲೇ ಒಂದು ಸಣ್ಣ ಪರೀಕ್ಷೆ ಇಟ್ಟು, ನಾಲ್ಕನೇ ವಾರದೊಳಗೆ ಉತ್ತರಪತ್ರಿಕೆ ತಿದ್ದಿ ಕೈಗೆ ಕೊಡಬೇಕು. ಅಂಕ ಲೆಕ್ಕಕ್ಕೆ ಬರಬೇಕಾಗಿಲ್ಲ, ಕೆಂಪು ಶಾಯಿ ಇದ್ದರೆ ಸಾಕು.

ಇನ್ನು ಭಾಷೆಯ ಮಾತು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿದೆ. ಒಳ್ಳೆಯ ಕಾನೂನು. ಅದರ ಬಲದಿಂದ ಕುಂದಗೋಳ, ನವಲಗುಂದ, ಕಲಘಟಗಿಯ ಸರ್ಕಾರಿ ಶಾಲೆಯ ಮಕ್ಕಳು ಎಂಜಿನಿಯರಿಂಗ್ ಕಾಲೇಜಿನೊಳಕ್ಕೆ ಬರುತ್ತಾರೆ. ಆದರೆ ಕೌನ್ಸೆಲಿಂಗ್ ಮುಗಿದ ಮರುದಿನದಿಂದ ಅವರು ಕನ್ನಡ ಮಾಧ್ಯಮದವರು ಎಂಬ ಸಂಗತಿ ಯಾವ ಅಧ್ಯಾಪಕನ ಮುಂದಿನ ಪಟ್ಟಿಯಲ್ಲೂ ಇರುವುದಿಲ್ಲ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ನಮ್ಮ ರಾಜ್ಯದಲ್ಲೂ ಕೆಲವು ಕಾಲೇಜುಗಳು ಮುಂದೆ ಬಂದವು, ವಿದ್ಯಾರ್ಥಿಗಳು ಬರಲಿಲ್ಲ. ನೌಕರಿ ಸಿಗದೆಂಬ ಭಯಕ್ಕೆ ತಂದೆತಾಯಿಗಳನ್ನು ದೂರಿ ಫಲವಿಲ್ಲ. ನಾಲ್ಕು ವರ್ಷದ ಕನ್ನಡ ಪದವಿಗಿಂತ ಈ ಮಕ್ಕಳಿಗೆ ತುರ್ತಾಗಿ ಬೇಕಾದದ್ದು ಮೊದಲ ಸೆಮಿಸ್ಟರಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ, ಇಂಗ್ಲಿಷಿನಲ್ಲಿ ಬರೆಸುವ ಮೇಷ್ಟ್ರು. ಅಂಥವರು ಧಾರವಾಡದಲ್ಲಿ ಬೇಕಾದಷ್ಟಿದ್ದಾರೆ. ಕಾರಿಡಾರಿನಲ್ಲಿ ಕನ್ನಡ ಮಾತಾಡಿ ಬೋರ್ಡಿನ ಮುಂದೆ ನಿಂತೊಡನೆ ಬಿಗಿಯಾಗುವವರು ಅವರೇ. ವೈದ್ಯಕೀಯ ಶಿಕ್ಷಣ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2019ರ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಪಾಠಕ್ಕೆ ಮುನ್ನ ಒಂದು ತಿಂಗಳ, 175 ಗಂಟೆಗಳ ಫೌಂಡೇಶನ್ ಕೋರ್ಸ್ ಇಟ್ಟರು. ಅದರಲ್ಲಿ ಇಂಗ್ಲಿಷಿಗೂ ಜಾಗವಿತ್ತು, ಸ್ಥಳೀಯ ಭಾಷೆಗೂ ಇತ್ತು. ದಿಲ್ಲಿಯಿಂದ ಬಂದವನಿಗೆ ಹಳ್ಳಿಯ ರೋಗಿಯ ‘ಹೊಟ್ಟಿ ಜಾಡಿಸ್ತೈತ್ರಿ’ ಅರ್ಥವಾಗಬೇಕಲ್ಲ!

ಎಂಜಿನಿಯರಿಂಗಿನಲ್ಲೂ ಕಾಗದದ ಮೇಲೆ ಇಂಥದ್ದೇ ವ್ಯವಸ್ಥೆಯಿದೆ. ಎಐಸಿಟಿಇ 2017ರಲ್ಲಿ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ಸೂಚಿಸಿತು, ಯುಜಿಸಿ 2019ರಲ್ಲಿ ಎಲ್ಲ ಪದವಿಗಳಿಗೂ ‘ದೀಕ್ಷಾರಂಭ’ ತಂದಿತು. ಅನೇಕ ಕಡೆ ಇದು ಮೂರು ದಿನಕ್ಕೆ ಇಳಿದು ಉದ್ಘಾಟನೆ, ಅತಿಥಿಗಳ ಭಾಷಣ, ಫೋಟೊ, ಊಟ, ಸಂಜೆ ಫ್ರೆಶರ್ಸ್ ಪಾರ್ಟಿಯಾಗಿ ಮುಗಿಯುತ್ತದೆ. ಮೂರು ವಾರವನ್ನು ನಿಯತ್ತಾಗಿ ನಡೆಸುವ ಕಾಲೇಜುಗಳಲ್ಲೂ ಒಂದು ತೂತಿದೆ. ಇಂಡಕ್ಷನ್ ಶುರುವಾಗುವಾಗ ಕೆಇಎಯ ಸುತ್ತುಗಳು ಮುಗಿದಿರುವುದಿಲ್ಲ. ಮೊದಲ ಸುತ್ತಿನಲ್ಲಿ ಬಂದ ಒಳ್ಳೆಯ ರ್ಯಾಂಕಿನವರು ಎಲ್ಲವನ್ನೂ ಕೇಳುತ್ತಾರೆ. ಕೊನೆಯ ಸುತ್ತಿನವರು, ಹಣ ಹೊಂದಿಸಿಕೊಂಡು ತಡವಾಗಿ ಬಂದವರು, ಮ್ಯಾನೇಜ್‌ಮೆಂಟ್ ಸೀಟಿನ ಕೊನೆಯ ದಿನ ಸೇರಿದವರು ನೇರವಾಗಿ ಗಣಿತದ ಎಂ-ಒನ್ ತರಗತಿಯ ಮೂರನೇ ಅಧ್ಯಾಯಕ್ಕೆ ಬಂದು ಕೂರುತ್ತಾರೆ. ಯಾರಿಗೆ ಪರಿಚಯ, ತಯಾರಿ ಹೆಚ್ಚು ಬೇಕೋ ಅವರಿಗೇ ಅದು ತಪ್ಪಿಹೋಗುತ್ತದೆ. ತಡವಾಗಿ ಬಂದವರಿಗೆ ಎರಡನೆಯ ಇಂಡಕ್ಷನ್ ಇಡಲು ಸುತ್ತೋಲೆ ಬೇಡ, ಒಂದು ಕೋಣೆ ಮತ್ತು ಇಬ್ಬರು ಅಧ್ಯಾಪಕರು ಸಾಕು.

ಅಧ್ಯಾಪಕರ ವಿಷಯಕ್ಕೆ ಬಂದರೆ, ನಮ್ಮಲ್ಲಿ ಮೊದಲ ವರ್ಷದ ಪಾಠವೆಂದರೆ ಹೊಸದಾಗಿ ಸೇರಿದವರ ಪಾಲಿನ ಕೆಲಸ. ಹಿರಿಯ ಪ್ರಾಧ್ಯಾಪಕರು ಕೊನೆಯ ವರ್ಷದ ಐಚ್ಛಿಕ ವಿಷಯಕ್ಕೆ, ಪ್ರಾಜೆಕ್ಟಿಗೆ, ಸ್ನಾತಕೋತ್ತರಕ್ಕೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸ್ಥಿತಿ ಇನ್ನೂ ಕಠಿಣ. ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ಪಾಠ ನಿಂತಿದೆ. ಅವರ ಕೌನ್ಸೆಲಿಂಗ್ ಮುಗಿದು ಆದೇಶ ಕೈಗೆ ಸಿಗುವ ಹೊತ್ತಿಗೆ ಸೆಮಿಸ್ಟರಿನ ಮೊದಲ ವಾರಗಳು ಹಾರಿಹೋಗಿರುತ್ತವೆ. ಬಿಎ ಮೊದಲ ವರ್ಷದ ಹುಡುಗಿ ಹದಿನೈದು ದಿನ ಬಸ್ಸು ಹಿಡಿದು ಬಂದು, ತರಗತಿ ನಡೆಯದೆ ವಾಪಸು ಹೋದರೆ ಹದಿನಾರನೆಯ ದಿನ ಮನೆಯವರು ಏನು ಹೇಳುತ್ತಾರೆಂದು ಬರೆಯಬೇಕಾಗಿಲ್ಲ. ಶಕ್ತಿ ಯೋಜನೆ ಬಸ್ ಚಾರ್ಜು ಉಳಿಸಿತು, ತರಗತಿಯಲ್ಲಿ ಮೇಷ್ಟ್ರು ಇರಬೇಕಾದದ್ದು ಬೇರೆ ಇಲಾಖೆಯ ಬಾಬ್ತು.

‘ಮೆಂಟರ್ ಇದ್ದಾರಲ್ಲ’ ಎನ್ನುತ್ತಾರೆ ಪ್ರಾಚಾರ್ಯರು. ಇದ್ದಾರೆ. ಇಪ್ಪತ್ತು ಮಕ್ಕಳಿಗೊಬ್ಬರಂತೆ ಹಂಚಿದ ಪಟ್ಟಿ ಗೋಡೆಯ ಮೇಲಿದೆ, ಮೆಂಟರ್ ಪುಸ್ತಕವೂ ಇದೆ. ನ್ಯಾಕ್ ತಂಡ ಬರುವ ಹಿಂದಿನ ವಾರ ಎಲ್ಲ ತಿಂಗಳುಗಳ ಸಹಿಯೂ ಒಂದೇ ಪೆನ್ನಿನಲ್ಲಿ ಬೀಳುವುದನ್ನು ಬಲ್ಲವರು ಬಲ್ಲರು. ಹಾಗೆ ನೋಡಿದರೆ ಹುಡುಗ ಕೈತಪ್ಪುತ್ತಿದ್ದಾನೆ ಎಂದು ಹೇಳುವ ಅತ್ಯುತ್ತಮ ಸಾಧನ ಪ್ರತಿ ಕಾಲೇಜಿನಲ್ಲೂ ಇದ್ದೇ ಇದೆ, ಅದು ಹಾಜರಿ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಶೇ 85 ಹಾಜರಿ ಬೇಕೆನ್ನುತ್ತದೆ. ನಾವು ಅದನ್ನು ಸೆಮಿಸ್ಟರಿನ ಕೊನೆಗೆ ‘ಶಾರ್ಟೇಜ್’ ಪಟ್ಟಿ ಅಂಟಿಸಿ ಪರೀಕ್ಷೆಗೆ ಕೂರಿಸದಿರಲು ಬಳಸುತ್ತೇವೆ. ಅದೇ ಹಾಜರಿಯನ್ನು ಎರಡನೇ ವಾರದ ಶನಿವಾರ ನೋಡಿ, ನಾಲ್ಕು ದಿನ ಕಾಣದವನಿಗೆ ಒಬ್ಬರು ಫೋನು ಮಾಡಿ ‘ಯಾಕಪ್ಪಾ, ಆರಾಮ ಅದಿಯಿಲ್ಲೋ’ ಎಂದು ಕೇಳಿದರೆ ಅರ್ಧ ಕೆಲಸವಾಯಿತು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇದನ್ನೇ 2012ರಿಂದ ಕಂಪ್ಯೂಟರಿನ ಸಹಾಯದಿಂದ ಮಾಡಿ ಹೆಸರಾಯಿತು. ವಿದ್ಯಾರ್ಥಿಯ ಹೆಜ್ಜೆ ತಪ್ಪುವ ಸುಮಾರು 800 ಸೂಚನೆಗಳನ್ನು ಅವರ ತಂತ್ರಾಂಶ ದಿನಾ ಗಮನಿಸುತ್ತದೆ. ನಮ್ಮ ಆಡಳಿತ ಮಂಡಳಿಗಳಿಗೆ ಈ ಕತೆ ಬಲು ಇಷ್ಟ, ತಂತ್ರಾಂಶ ಕೊಳ್ಳಬಹುದಲ್ಲ. ಸೂಚನೆ ಬಂದ ಕೂಡಲೇ ಹುಡುಗನನ್ನು ಕರೆದು ಮಾತಾಡಲು ಅವರು ಹೊಸದಾಗಿ ಹತ್ತಾರು ಸಲಹೆಗಾರರನ್ನು ಸಂಬಳಕ್ಕೆ ನೇಮಿಸಿಕೊಂಡರೆಂಬ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅದೇ ವಿಶ್ವವಿದ್ಯಾಲಯ ಇನ್ನೊಂದು ಕೆಲಸ ಮಾಡಿತು. ಚೆನ್ನಾಗಿ ಓದುತ್ತಿದ್ದವರೂ ಸಣ್ಣ ಮೊತ್ತದ ಶುಲ್ಕ ಕಟ್ಟಲಾಗದೆ ಹೆಸರು ಕಳೆದುಕೊಳ್ಳುತ್ತಿದ್ದುದನ್ನು ಕಂಡು, ಆ ಬಾಕಿಯನ್ನು ತಾನೇ ತುಂಬುವ ಸಣ್ಣ ಅನುದಾನ ಶುರುಮಾಡಿತು. ನಮ್ಮಲ್ಲಿ ವಿದ್ಯಾಸಿರಿ ಇದೆ. ಹಾಸ್ಟೆಲ್ ಸಿಗದವರಿಗೆ ತಿಂಗಳಿಗೆ ಇಂತಿಷ್ಟರಂತೆ ವರ್ಷಕ್ಕೆ ಹತ್ತು ತಿಂಗಳು ಎಂಬುದು ಅದರ ಲೆಕ್ಕ. ವಿದ್ಯಾರ್ಥಿವೇತನವೂ ಇದೆ. ಆದರೆ ಪೀಜಿಯ ಡಿಪಾಜಿಟ್, ಖಾನಾವಳಿಯ ಮುಂಗಡ, ಡ್ರಾಯಿಂಗ್ ಬೋರ್ಡು, ಏಪ್ರನ್ನು ಇವೆಲ್ಲ ಮೊದಲ ವಾರದ ಖರ್ಚು. ಪೋರ್ಟಲ್‌ನಲ್ಲಿ ಅರ್ಜಿ ತೆರೆದು, ಪರಿಶೀಲನೆಯಾಗಿ, ಹಣ ಖಾತೆಗೆ ಬೀಳುವಾಗ ವರ್ಷ ಮುಗಿಯುತ್ತ ಬಂದಿರುತ್ತದೆ. ಹಾಸ್ಟೆಲ್ ಪಟ್ಟಿಯದೂ ಇದೇ ಹಾಡು. ತಡವಾಗಿ ಬರುವ ನೆರವು ಉಳಿದವನಿಗೆ ಸಿಗುತ್ತದೆ, ಅದರ ಕೊರತೆಯಿಂದ ಹೋದವನಿಗೆ ಸಿಗುವುದಿಲ್ಲ.

ಹುಡುಗನನ್ನು ಉಳಿಸಿಕೊಳ್ಳುವ ಈ ವಿದ್ಯೆಯನ್ನು ಧಾರವಾಡ ಅಟ್ಲಾಂಟಾದಿಂದ ಕಲಿಯಬೇಕಾಗಿಲ್ಲ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಾಗಿದ್ದಾಗ, 1883ರಲ್ಲೇ ಅರಟಾಳ ರುದ್ರಗೌಡರು ಮುಂದಾಗಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ನಿಧಿ ಕಟ್ಟಿದರು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದ ಮೇಲೆ ಹಳ್ಳಿಯ ಹುಡುಗ ಅಲ್ಲಿ ನಿಂತು ಓದಲು ಸಾಧ್ಯವಾದದ್ದು ಮುರುಘಾಮಠದಂಥ ಕಡೆಯ ಉಚಿತ ಪ್ರಸಾದ ನಿಲಯಗಳಿಂದ. ಅಲ್ಲಿ ಸಿಗುತ್ತಿದ್ದುದು ಬರೀ ಎರಡು ಹೊತ್ತಿನ ಊಟವೇ? ಸಂಜೆ ಕೂಡಿ ಕೂರುವ ಪಡಸಾಲೆ, ಮೇಲಿನ ತರಗತಿಯ ಅಣ್ಣನ ಹಳೆಯ ಪುಸ್ತಕ, ಊಟಕ್ಕೆ ಬಾರದಿದ್ದರೆ ಎಲ್ಲಿ ಹೋದನೆಂದು ವಿಚಾರಿಸುವವರು. ಟ್ರೈಸ್ಮನ್ ಬರ್ಕಲಿಯಲ್ಲಿ ಕಟ್ಟಿದ್ದೆಲ್ಲ ಅಲ್ಲಿ ಆಗಲೇ ಇತ್ತು. ಜಾತಿಯ ಗೋಡೆಯೊಳಗೆ ಇತ್ತೆಂಬ ಮಿತಿಯನ್ನೂ ಸೇರಿಸಿ ಹೇಳಬೇಕು. ಆ ಗೋಡೆಯಿಲ್ಲದ ಪಡಸಾಲೆಗಳನ್ನು ಕಟ್ಟುವುದು ಇಂದಿನ ಸರ್ಕಾರಿ ಹಾಸ್ಟೆಲ್‌ಗಳ, ವಿಶ್ವವಿದ್ಯಾಲಯಗಳ ಕೆಲಸ. ಸತ್ತೂರದ ಸುತ್ತ ಎದ್ದಿರುವ ಪೀಜಿಗಳಲ್ಲಿ ವೈಫೈ ಇದೆ, ಬಿಸಿನೀರಿದೆ, ಕೂಡಿ ಕೂರುವ ಒಂದು ಕೋಣೆ ಮಾತ್ರ ಹುಡುಕಬೇಕು.

ಫೇಲಾದವರನ್ನು ಏನು ಮಾಡಬೇಕು? ವಿಟಿಯುನಲ್ಲಿ ಮೊದಲ ವರ್ಷದ ನಾಲ್ಕಕ್ಕಿಂತ ಹೆಚ್ಚು ವಿಷಯ ಉಳಿದರೆ ಎರಡನೇ ವರ್ಷಕ್ಕೆ ಹೋಗುವಂತಿಲ್ಲ. ಎಂಬಿಬಿಎಸ್ ಮೊದಲ ಹಂತಕ್ಕೆ ನಾಲ್ಕೇ ಅವಕಾಶ. ಐಐಟಿ ರೂರ್ಕಿ 2015ರಲ್ಲಿ ಮೊದಲ ವರ್ಷದ 70ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಡಿಮೆ ಅಂಕದ ಕಾರಣಕ್ಕೆ ಹೊರಹಾಕಿ, ದೇಶವೆಲ್ಲ ಗದ್ದಲವಾದ ಮೇಲೆ ಮತ್ತೊಂದು ಅವಕಾಶ ಕೊಟ್ಟಿತು. ನಿಯಮ ಸಡಿಲಿಸಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಬಾರದವನನ್ನು ಮುಂದೆ ತಳ್ಳಿದರೆ ಆರನೇ ಸೆಮಿಸ್ಟರಿನಲ್ಲಿ ಬೀಳುತ್ತಾನೆ. ಆದರೆ ‘ಇಯರ್ ಬ್ಯಾಕ್’ ಆದವನು ಆ ವರ್ಷ ಎಲ್ಲಿರುತ್ತಾನೆ ಎಂದು ಯೋಚಿಸಿ. ಅವನ ಬ್ಯಾಚು ಮುಂದೆ ಹೋಯಿತು, ತರಗತಿಯಿಲ್ಲ, ಹಾಸ್ಟೆಲಿನಲ್ಲಿ ಜಾಗವಿಲ್ಲ, ಊರಿಗೆ ಹೋದರೆ ಮಾತು ಕೇಳಬೇಕು. ಬೇಸಿಗೆಯಲ್ಲೇ ಪಾಠ ನಡೆಸಿ ಮರುಪರೀಕ್ಷೆ ಇಡುವ ಸ್ವಾತಂತ್ರ್ಯ ಸ್ವಾಯತ್ತ ಕಾಲೇಜುಗಳಿಗೆ ಇದೆ. ಅದನ್ನು ಪೂರ್ತಿ ಬಳಸಬೇಕು. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಇದೆ. 1845ರ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ, ಸತ್ತೂರದಿಂದ ಬಸ್ಸಿನ ದಾರಿ. ಈ ಎರಡು ಹೆಸರು ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಲಿ.

ಹೊರಡಲೇಬೇಕಾದವರಿಗೂ ಮರ್ಯಾದೆಯ ಬಾಗಿಲು ಬೇಕು. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲಿಗೆ ಜಾರಿ ಮಾಡಿದಾಗ ಒಂದು ವರ್ಷ ಓದಿ ಬಿಟ್ಟವರಿಗೆ ಸರ್ಟಿಫಿಕೇಟ್ ಎಂದರು, 2024ರಲ್ಲಿ ಸರ್ಕಾರ ಹಳೆಯ ಮೂರು ವರ್ಷದ ಪದವಿಗೆ ಮರಳಿತು. ಆ ಸರ್ಟಿಫಿಕೇಟಿನಿಂದ ಯಾರಿಗೂ ನೌಕರಿ ಸಿಕ್ಕುತ್ತಿರಲಿಲ್ಲ ಬಿಡಿ. ಇದಕ್ಕಿಂತ ಉಪಯೋಗಕ್ಕೆ ಬರುವುದು ಯುಜಿಸಿಯ 2018ರ ಆದೇಶ: ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ; ಪ್ರವೇಶದ ಕೊನೆಯ ದಿನದಿಂದ ಹದಿನೈದು ದಿನದೊಳಗೆ ಬಿಟ್ಟರೆ ಶುಲ್ಕದ ಶೇ 80, ಮೂವತ್ತು ದಿನದೊಳಗಾದರೆ ಶೇ 50 ವಾಪಸು ಕೊಡಬೇಕು. ತಪ್ಪು ಕೋರ್ಸಿಗೆ ಬಂದೆನೆಂದು ಮೊದಲ ತಿಂಗಳಲ್ಲೇ ಅರಿತವನು ಮಾರ್ಕ್ಸ್ ಕಾರ್ಡಿಗಾಗಿ ವರ್ಷವಿಡೀ ಸಿಕ್ಕಿಬೀಳಬಾರದು.

ಇದೆಲ್ಲಕ್ಕೂ ಮುಂಚೆ ಆಗಬೇಕಾದದ್ದು ಲೆಕ್ಕ, ಮತ್ತು ಅದಕ್ಕೆ ಖರ್ಚಿಲ್ಲ. ವಿಟಿಯು ಪ್ರತಿ ವಿದ್ಯಾರ್ಥಿಗೂ ಯುಎಸ್‌ಎನ್ ಕೊಟ್ಟಿದೆ, ಉಳಿದ ವಿಶ್ವವಿದ್ಯಾಲಯಗಳಲ್ಲೂ ನೋಂದಣಿ ಸಂಖ್ಯೆಯಿದೆ. ಮೊದಲ ಸೆಮಿಸ್ಟರಿನ ಪಟ್ಟಿಯನ್ನು ಮೂರನೆಯದರ ಪಟ್ಟಿಯ ಜೊತೆ ಇಟ್ಟು ನೋಡಿದರೆ ಪ್ರತಿ ಕಾಲೇಜಿನಲ್ಲಿ ನೂರಕ್ಕೆ ಎಷ್ಟು ಜನ ಉಳಿದರು, ಎಷ್ಟು ಜನ ಬೇರೆ ಕಡೆ ಹೋದರು, ಎಷ್ಟು ಜನ ಕಾಣೆಯಾದರು ಎಂಬುದು ಸಿಗುತ್ತದೆ. ಮುಂದಿನ ಸಿಇಟಿ ಕೌನ್ಸೆಲಿಂಗ್‌ಗೆ ಮುನ್ನ ಕೆಇಎ ಈ ಅಂಕಿಯನ್ನು ಕಟಾಫ್ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಬೇಕು. ಪ್ರಕಟಿಸುವ ತನಕ, ಮಗಳನ್ನೋ ಮಗನನ್ನೋ ಕರೆದುಕೊಂಡು ಪ್ರವೇಶಕ್ಕೆ ಹೋಗುವ ತಂದೆತಾಯಿಗಳು ಪ್ಲೇಸ್‌ಮೆಂಟ್ ಪ್ಯಾಕೇಜು ಕೇಳುವ ಮೊದಲು ಕೌಂಟರಿನಲ್ಲಿ ಇದೊಂದನ್ನು ಕೇಳಿ: ಹೋದ ವರ್ಷ ಸೇರಿದ ನೂರು ಮಕ್ಕಳಲ್ಲಿ ಈಗ ಎಷ್ಟು ಮಂದಿ ಎರಡನೇ ವರ್ಷದಲ್ಲಿದ್ದಾರೆ? ಉತ್ತರ ಬರೆದುಕೊಡಲು ಹೇಳಿ, ಆಮೇಲೆ ಶುಲ್ಕ ಕಟ್ಟಿ.